ಕಿರುಬೆರಳಿಗೆ ಒಂದು ಹಿಡಿಕಿ

ನಾ ಮಾಡಿದ ಹಿಡಿಕಿಗೆ ಹೆಸರಿಡೋ, ಐಬು ತೆಗಿಯೋ ಧೈರ್ಯ ಲಿಂಗಸುಗೂರಾಗ ಯಾರಿಗೂ ಇರಲಿಲ್ಲ. ಮಸ್ಕಿಯಿಂದ ಬಂದ ಆ ಹಜಾಮ ರಾಜೇಸಾಬಗ ಇತ್ತು ನೋಡ್ರಿ.

ಸಂತಿ ದಿನ, ಮಧ್ಯಾಹ್ನ. ಅಬ್ಬಾ ಹೊರಗ ಕಟ್ಟಿ ಮ್ಯಾಲ ಕುಂತಿದ್ರು. ನಾನು ಒಳಗ ಪರದಾದ ಹಿಂದ ಅರ ಹಿಡಕೊಂಡು ಎಮ್ಮಿ ಕೊಂಬು ಉಜ್ಜಾಕತ್ತಿದ್ದೆ. ಹೊರಗಿಂದ ಒಂದು ದನಿ ಬಂತು.

"ಚಾಚಾ, ಕತ್ತಿ ಚಲೋ ಐತಿ. ಹಿಡಿಕಿ ಸರಿ ಇಲ್ರಿ. ಚರ್ಮದ ಪಟ್ಟಾಕ್ಕ ತೀಡೋ ಮುಂದ ಬೆರಳಾಗ ಹೊಳ್ಳಂಗಿಲ್ಲ, ತಿರುಗಂಗಿಲ್ಲ."

"ಹೌದೇನು ಬೇಟಾ? ತಾ, ನೋಡೋಣು" ಅಂದ್ರು ಅಬ್ಬಾ, ಬೆಣ್ಣಿಯಂಥಾ ಮಾತು. ನಂಗ ತಡಕೊಳ್ಳಾಕ ಆಗಲಿಲ್ಲ.

"ಕೈಯಾಗ ಹದ ಇಲ್ಲ ಅಂತ ಅನ್ರಿ! ಕುಣೀಲಾರದಾಕಿ ಅಂಗಳ ಡೊಂಕು ಅಂದಿದ್ದಳಂತ!"

ಕಟ್ಟಿ ಮ್ಯಾಲ ಅಬ್ಬಾ ಕೆಮ್ಮಿದ್ರು. ಮೂಲ್ಯಾಗ ಕುಂತ ದಾದಿ, ಅಬ್ಬಾನ ತಾಯಿ, ತಸಬಿ ಮಣಿ ಎಣಸೋದು ಬಿಟ್ಟು ನನ್ನ ಕಡೆ ಕಣ್ಣು ಕೆಕ್ಕರಿಸಿದಳು. ಆಮ್ಯಾಲ ಹೊರಗಿನ ದನಿ ನಕ್ಕಿತು.

"ಹಂಗಾರ ಹಿಡಿಕಿ ಮಾಡಾವ್ರು ನೀವಲ್ಲೇನು ಚಾಚಾ?"

ಆತಲ್ಲ! ಎರಡು ವರ್ಷ ಮುಚ್ಚಿಟ್ಟ ಗುಟ್ಟು ನನ್ನ ಬಾಯಿಂದ ಒಂದು ಮಾತಿನ್ಯಾಗ ಹೊರಗ ಬಿತ್ತು.

ನಮ್ಮದು ಹಣಿಗಿ ಮಾಡೋ ಮನೆತನ. ಕೊಂಬು ನೆನಿಹಾಕೋದು, ಕೆಂಡದ ಮ್ಯಾಲ ಕಾಸೋದು, ಕಬ್ಬಿಣದ ತಗಡಿನ ನಡಕ ಒತ್ತಿ ಚಪ್ಪಟಿ ಮಾಡಿ ಹಲ್ಲು ಕೊಯ್ಯೋದು. ಪ್ಲಾಸ್ಟಿಕ್ ಹಣಿಗಿ ಬಂದ್ಮ್ಯಾಲ ನಮ್ಮ ಕರೇ ಹಣಿಗಿ ಯಾರಿಗೆ ಬೇಕು? ಅಬ್ಬಾ ಹಜಾಮರ ಕತ್ತಿಗೆ ಹಿಡಿಕಿ ಕೂಡಸಾಕ ಶುರು ಮಾಡಿದ್ರು. ಅಷ್ಟರಾಗ ಅವ್ರ ಕಣ್ಣಿಗೆ ಪೊರಿ ಬಂತು. ಅವಾಗಿಂದ ಕಟ್ಟಿ ಮ್ಯಾಲ ಕೂಡಾವ್ರು ಹಸನ್‌ಸಾಬ್, ಒಳಗ ದುಡಿಯಾಕಿ ಅವ್ರ ಮಗಳು ಶಂಶಾದ್‌ಬೀ. ಅಂದ್ರ ನಾನು. ಅಮ್ಮಿ ನಾ ಸಣ್ಣಾಕಿದ್ದಾಗ ತೀರಿಕೊಂಡಿದ್ದಳು. ಮನಿಯಾಗ ನಾವಿಬ್ರು, ಮತ್ತ ಅಬ್ಬಾನ ತಾಯಿ ಖಾತೂನ್‌ಬೀ, ನನ್ನ ದಾದಿ.

ಹಿಡಿಕಿ ಅಂದ್ರ ಕತ್ತಿ ಮಡಚಿ ಇಡಾಕ ಒಂದು ಒರಿ, ಅಷ್ಟ ಅಂತ ತಿಳದಾರ ಮಂದಿ. ಅಲ್ರಿ. ಪಟ್ಟಾಕ್ಕ ತೀಡೋ ಮುಂದ ಕತ್ತಿ ಆ ತುದಿಗೆ ಹೋಗಿ, ಬೆನ್ನಿನ ಮ್ಯಾಲ ಹೊಳ್ಳಿ, ಈ ತುದಿಗೆ ಬರಬೇಕು. ಹೊಳ್ಳಸೋದು ಹೆಬ್ಬೆರಳು, ತೋರಬೆರಳು. ಹಿಡಿಕಿ ಅಂಚು ಚಪ್ಪಟಿ ಇತ್ತಂದ್ರ ಮುಗ್ಗರಸತೈತಿ, ಪಟ್ಟಾದ ಚರ್ಮ ಸೀಳತೈತಿ. ಗದ್ದಕ್ಕ ಹಚ್ಚಿದಾಗ ಬ್ಯಾರೆ ನ್ಯಾಯ. ಅಲ್ಲಿ ಕಿರುಬೆರಳು ಕತ್ತಿ ಬಾಲದ ಮ್ಯಾಲ ಕುಂತು ಲಗಾಮು ಹಿಡೀಬೇಕು. ಅದಕ್ಕ ಜಾಗ ಸಿಗಲಿಲ್ಲಂದ್ರ ಗಿರಾಕಿ ಗದ್ದಕ್ಕ ರಗತ.

ಇದಕ್ಕ ನಾ ಒಂದು ಉಪಾಯ ಮಾಡಿದ್ದೆ. ಎರಿಮಣ್ಣು ನಾದಿ ಉಂಡಿ ಮಾಡಿ ಹೊರಗ ಕಳಸ್ತಿದ್ದೆ. ಬಂದ ಹಜಾಮ ಕತ್ತಿ ಹಿಡಿದಂಗ ಆ ಉಂಡಿ ಹಿಡೀಬೇಕು. ಬೆರಳಿನ ಅಚ್ಚು ಮೂಡಿದ ಉಂಡಿ ಒಳಗ ಬಂದ್ರ ಅದನ್ನ ನೋಡಿ ನೋಡಿ ಹಿಡಿಕಿ ಕೆತ್ತತಿದ್ದೆ. ಮುದಗಲ್ಲಿನವ್ರು, ಸಿಂಧನೂರವ್ರು, ಎಲ್ಲರ ಕೈ ನನ್ನ ಗೂಡಿನ್ಯಾಗ ಸಾಲಾಗಿ ಕುಂತಿದ್ವು. ಒಬ್ಬರ ಮಾರಿನೂ ನೋಡಿರಲಿಲ್ಲ.

ರಾಜೇಸಾಬ್ ಮೊದಲಿನ ಹಿಡಿಕಿ ಮಂದಿ ಕೈಲೆ ತರಿಸಿದ್ದ; ಅವನ ಮೊದಲನೇ ಉಂಡಿ ಒಳಗ ಬಂದದ್ದು ಆ ದಿನ. ಸಿಟ್ಟಿನ್ಯಾಗ ಕಸಕೊಂಡೆ. ನೋಡಿದೆ, ಸಿಟ್ಟು ಎಲ್ಲಿ ಹೋತೋ. ಬ್ಯಾರೆ ಗಂಡಸರು ಮಣ್ಣು ಕುತ್ತಿಗಿ ಹಿಚುಕಿದಂಗ ಹಿಚುಕತಿದ್ರು. ಈ ಮನಿಷ್ಯಾ ಗುಬ್ಬಿಮರಿ ಹಿಡಿದಂಗ ಹಿಡದಿದ್ದ. ಕಿರುಬೆರಳಿನ ಗುರುತು ಅಂತೂ ಹಗೂರಕ, ಉಗುರಿನ ಗೆರಿ ಸುದ್ದಾ ಚಂದಾಗಿ ಮೂಡಿತ್ತು. ಆ ಮಣ್ಣಿನ ಮ್ಯಾಲ ನನ್ನ ಕಿರುಬೆರಳು ಇಟ್ಟು ನೋಡಿದೆ. ಯಾಕ ಇಟ್ಟೆ ಅಂತ ಕೇಳಬ್ಯಾಡ್ರಿ. ಇಪ್ಪತ್ತು ವರ್ಷದ ಹುಡುಗಿ ಇದ್ದೆ.

*

ಹಿಡಿಕಿ ಅಂಚು ದುಂಡಗ ಮಾಡಿ ಕೊಟ್ಟೆ. ಎರಡು ಸಂತಿ ಬಿಟ್ಟು ಮತ್ತ ಬಂದ.

"ಈಗ ಹೊಳ್ಳತೈತ್ರಿ, ಬೆಣ್ಣಿಯಾಗ ಹೊಳ್ಳಿದಂಗ. ಆದ್ರ ಹಿಡಿಕಿ ಭಾರ ಆತು. ಕೈ ಕೆಳಗ ಜಗ್ಗತೈತಿ."

"ಭಾರ ಆಗಿದ್ದು ಹಿಡಿಕಿನೋ, ಕೈನೋ?" ನಾ ಒಳಗಿಂದ.

"ಮನಸೂ ಇರಬಹುದು. ತೂಗಿ ನೋಡಾಕ ತಕ್ಕಡಿ ಐತೇನ್ರಿ ನಿಮ್ಮಲ್ಲಿ?"

ಅಬ್ಬಾ ಹೊರಗಿದ್ರು, ಕೇಳಿಸ್ಲಿಲ್ಲ ಅನ್ನೋರಂಗ ಬೀಡಿ ಹಚ್ಚಿದ್ರು. ದಾದಿ ಹೈದರಾಬಾದ್ ಕಡೆಯಾಕಿ. ಮನಿಯಾಗ ದಖನಿ ಬಿಟ್ಟು ಬ್ಯಾರೆ ಮಾತು ಆಡ್ತಿರಲಿಲ್ಲ. ಅಕಿಗೆ ಕನ್ನಡ ಬರಂಗಿಲ್ಲ ಅಂತ ನಮ್ಮ ಧೈರ್ಯ. ಆ ಧೈರ್ಯ ಒಂದು ತಿಂಗಳು ನಡೀತು. ಒಂದಿನ ರಾಜೇಸಾಬ್, "ನಮ್ಮೂರ ಸಾಹುಕಾರ ಅಮರಗುಂಡಪ್ಪನ ಮೀಸಿ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಸರಿ ಮಾಡಾಕ ಹೋದ್ರ 'ಬ್ಯಾಡಲೇ, ನನ್ನಾಕಿಗೆ ಹಿಂಗ ಗುರುತು' ಅಂತಾರ" ಅಂದ. ದಾದಿ ತಸಬಿ ಬಿಟ್ಟು ಹೊಟ್ಟಿ ಹಿಡಕೊಂಡು ನಕ್ಕಳು. ಕನ್ನಡ ಬರಂಗಿಲ್ಲಂತ, ಕನ್ನಡ! ಆ ಮ್ಯಾಲ ಅಕಿ ಮುಂದ ಮುಚ್ಚುಮರಿ ಉಳೀಲಿಲ್ಲ. ಅಕಿನೂ ನಮ್ಮನ್ನ ತಡೀಲಿಲ್ಲ.

ಮೂರನೇ ಸಲ ಬಂದಾಗ ಹಿಡಿಕಿ ಜಾರತೈತಿ ಅಂದ. ಸಣ್ಣ ಗೆರಿ ಕೊರದೆ. ನಾಕನೇ ಸಲ, "ಕಿರುಬೆರಳು ನಿಲ್ಲಂಗಿಲ್ಲ" ಅಂದ. ಬಾಲದ ಹತ್ರ ಬೆರಳು ಕೂಡೋವಷ್ಟು ತಗ್ಗು ತೆಗದೆ. ಪ್ರತಿ ಸಲ ಹೊಸ ಉಂಡಿ, ಹೊಸ ಅಚ್ಚು. ಗೂಡಿನ್ಯಾಗ ಅವನ ಸಾಲು ಬೆಳೀತು.

ಒಬ್ಬ ಗಂಡಸು ಒಂದು ಹಿಡಿಕಿ ನಾಕು ಸಲ ವಾಪಸ್ ತಂದ್ರ ಹುಡುಗಿ ಏನು ತಿಳ್ಕೋಬೇಕು, ನೀವ ಹೇಳ್ರಿ. ನಾ ಅದನ್ನ ತಿಳ್ಕೊಂಡೆ. ಹಿಡಿಕಿ ನೆವ, ನಾ ಗುರಿ ಅಂತ. ಅಯ್ಯೋ ಅಲ್ಲಾ, ಎಷ್ಟು ಖುಷಿಲೆ ತಿಳ್ಕೊಂಡೆ!

"ಖರೇ ಹೇಳ್ರಿ," ಅಂದೆ ಒಂದಿನ, "ನನ್ನ ಹಿಡಿಕ್ಯಾಗ ಏನ ಐಬು ಐತಿ?"

"ಪಟ್ಟಾ ಹೊಡದು ತೋರಸಲೇನು?"

ಅಬ್ಬಾ ನಮಾಜಿಗೆ ಹೋಗಿದ್ರು. ದಾದಿ ಇದ್ದಳು. ಅವ ನಮ್ಮ ಬಾಗಿಲ ಚಿಲಕಕ್ಕ ಚರ್ಮದ ಪಟ್ಟಾ ಸಿಗಿಸಿ, ಎಡಗೈಲೆ ಬಿಗಿ ಹಿಡದು, ತೀಡಾಕ ಹತ್ತಿದ. ಚಟ್, ಚಟ್, ಚಟ್. ನಾ ಕಿವಿ ಕೊಟ್ಟು ಕೇಳಿದೆ. ಪ್ರತಿ ಏಳೆಂಟು ಸಲಕ್ಕೊಮ್ಮೆ ಹೊಳ್ಳೋ ಸಪ್ಪಳ ಒಂದೀಟು ತಡ ಆಗ್ತಿತ್ತು. ಕೇಳಿದ್ರ ಸಾಲದು, ನೋಡಬೇಕಂತ ಪರದಾ ಸರಿಸಿದೆ.

ಅವ ಕತ್ತಿ ನೋಡಾಕತ್ತಿರಲಿಲ್ಲ. ಪರದಾ ನೋಡಾಕತ್ತಿದ್ದ. ಎಣ್ಣಿಗೆಂಪು ಮಾರಿ, ಎಡಹುಬ್ಬಿನ ಮ್ಯಾಲ ಸಣ್ಣ ಕಲಿ. ಎಲ್ಲರ ಗದ್ದ ಬೋಳಸಾವ, ತನ್ನ ಗದ್ದದ ಮ್ಯಾಲ ಎರಡು ದಿನದ ಗಡ್ಡ ಬಿಟ್ಟಿದ್ದ.

"ನಿಮ್ಮ ಗಡ್ಡ ನೀವ ಮಾಡಿಕೊಳ್ಳಂಗಿಲ್ಲೇನು?" ಅಂದೆ. ಬ್ಯಾರೆ ಮಾತು ಬಾಯಿಗೆ ಬರಲಿಲ್ಲ.

"ಹಜಾಮಗ ಹಜಾಮ ಬೇಕ್ರಿ."

"ಮಸ್ಕಿಯಾಗ ನಿಮ್ಮ ಅಂಗಡಿ ಹೆಂಗೈತಿ?"

"ಅಂಗಡಿ! ಬೇವಿನ ಗಿಡ, ಒಂದು ಕುರ್ಚಿ, ಗಿಡಕ್ಕ ಕಟ್ಟಿದ ಕನ್ನಡಿ. ಕನ್ನಡಿಯಾಗ ಹಿಂದಿನ ಗುಡ್ಡ ಪೂರಾ ಕಾಣತೈತಿ. ಗಿರಾಕಿ ಇಲ್ಲದಾಗ ನಾನೂ ಗುಡ್ಡಾನೂ ಮಾರಿ ಮಾರಿ ನೋಡ್ಕೋತ ಕೂಡತೀವಿ." ಪಟ್ಟಾ ಸುತ್ತಿದ. ಸುತ್ತಿ ಬಿಚ್ಚಿ ಮತ್ತ ಸುತ್ತಿದ. "ಇನ್ನೊಂದು ಮಾರಿ ಇದ್ರ ಚಲೋ ಇತ್ತು ಅನಿಸತೈತಿ ಶಂಶಾದ್."

ಹೆಸರು ಹಿಡದ! ರೀ ಇಲ್ಲ, ಬೀ ಇಲ್ಲ.

"ಗುಡ್ಡಕ್ಕ ಕೇಳ್ರಿ, ಒಪ್ಪತೈತೇನು."

"ಗುಡ್ಡ ಒಪ್ಪೇತಿ. ನೀ ಒಪ್ಪು. ಬರೋ ಸಂತಿಗೆ ನಮ್ಮ ಮಾಮಾನ್ನ ಕರಕೊಂಡು ಬರ್ತೀನಿ, ಚಾಚಾಗ ಮಾತು ಹಾಕಾಕ."

ಕೊಂಬು ಸುಟ್ಟ ವಾಸನಿ ಬರೋ ಹುಡುಗಿ ಅಂತ ನನ್ನ ನೋಡಾಕ ಬಂದೋರು ಇಬ್ಬರು ಮೂಗು ಮುಚ್ಚಿಕೊಂಡು ಹೋಗಿದ್ರು. ಅದನ್ನ ಹೇಳಿದೆ. ಅವ ಜೋರಾಗಿ ಉಸಿರು ಎಳಕೊಂಡ. "ನಂಗಂತೂ ಅತ್ತರ್ ಇದ್ದಂಗ ಐತಿ" ಅಂದ. ಶುದ್ಧ ಸುಳ್ಳು. ಆದ್ರೂ ಆ ದಿನ ಒಲಿ ಮುಂದ ಕುಂತು ಒಬ್ಬಾಕಿನ ನಕ್ಕೆ.

ಹೋಗೋ ಮುಂದ ಒಂದು ಉಂಡಿ ಒತ್ತಿ ಕೊಟ್ಟ, ಐದನೇದು. ಬೆರಳು ಬಾಳ ಆಳಕ್ಕ ಇಳದಿದ್ವು. ಇಷ್ಟು ಜೋರು ಯಾಕ ಹಿಡದಾನ ಅಂದ್ರ ನನ್ನ ಮ್ಯಾಲಿನ ಮನಸಿಗೆ ಅಂದ್ಕೊಂಡೆ. ಹೌದ್ರಿ, ಹಂಗ ಅಂದ್ಕೊಂಡೆ.

*

ದಾದಿ ಮೊದಲ ಅಬ್ಬಾಗ ಎಲ್ಲಾ ಹೇಳಿದ್ದಳು. ಬರೋ ಸಂತಿಗೆ ಅಬ್ಬಾ ಒಗದ ಶೇರವಾನಿ ಹಾಕ್ಕೊಂಡು ಕುಂತ್ರು. ದಾದಿ ಶಾವಿಗಿ ಪಾಯಸ ಮಾಡಿದಳು. ಯಾರೂ ಬರಲಿಲ್ಲ. ಅದರ ಮುಂದಿನ ಸಂತಿಗೂ ಇಲ್ಲ. ಮೂರನೇ ಸಂತಿಗೆ ಮಸ್ಕಿಯ ಒಬ್ಬ ಬಳಿಗಾರ ಬಂದು ನಿಂತಲ್ಲೇ ಹೇಳಿ ಹೋದ: "ರಾಜೇಸಾಬ್ ಲಗ್ನ ಮಾಡಿಕೊಳ್ಳಂಗಿಲ್ಲಂತ ಚಾಚಾ. ದಾರಿ ಕಾಯಬ್ಯಾಡ್ರಿ ಅಂತ ಹೇಳ್ಯಾನ."

ಅಬ್ಬಾ ಶೇರವಾನಿ ಮಡಚಿ ಪೆಟ್ಟಿಗಿಯಾಗ ಇಟ್ರು. ಎಂಟು ದಿನದಾಗ ಸಿಂಧನೂರಿಂದ ಮಾತು ಬಂತು. ಕರೀಂಸಾಬ್ ಅಂತ, ಕಾಲುವಿ ಕೆಲಸದಾಗ ಮೇಸ್ತ್ರಿ, ಮೊದಲಿನ ಹೆಂಡತಿ ತೀರಿಕೊಂಡಾಳ. ಒಳ್ಳೆ ಮನಿಷ್ಯಾ, ಕುಡಿಯಂಗಿಲ್ಲ, ವಾಸನಿಗೆ ಮೂಗು ಮುಚ್ಚಿಕೊಳ್ಳಲಿಲ್ಲ. ಅಬ್ಬಾ ಹೂಂ ಅಂದ್ರು. ನಿಕಾಹಕ್ಕ ಇಪ್ಪತ್ತು ದಿನ ಇತ್ತು.

ನಾನು? ಬೈದೆ. ಕೊಂಬಿಗೆ ಬೈದೆ, ಅರಕ್ಕ ಬೈದೆ, ಮಸ್ಕಿ ಗುಡ್ಡಕ್ಕ ಬೈದೆ. ಬೈದು ಬೈದು ದನಿ ಬಿತ್ತು.

ನಿಕಾಹಕ್ಕ ಆರು ದಿನ ಇರಬೇಕಾದ್ರ ಮಧ್ಯಾಹ್ನ ಬಾಗಿಲಾಗ ಅವನ ದನಿ ಕೇಳಿಸ್ತು. ಅಬ್ಬಾ ಖಾಜಿ ಸಾಹೇಬರನ್ನ ನೋಡಾಕ ಮುದಗಲ್ಲಿಗೆ ಹೋಗಿದ್ರು.

"ಶಂಶಾದ್, ಕಡೀಗೆ ಒಂದ ಸಲ. ಹಿಡಿಕಿ ಸರಿ ಮಾಡಿಕೊಡ್ತೀಯೇನು?"

ಪರದಾ ಹರಿಯೋಹಂಗ ಎಳದೆ. "ನಾಚಿಕಿ ಇಲ್ಲೇನು ನಿಂಗ? ಮಾತು ಕೊಟ್ಟು ಮುರದಿ. ನಮ್ಮ ಅಬ್ಬಾ ಕಣ್ಣು ಕಾಣಲಾರದೋರು, ಮೂರು ಸಂತಿ ಬಿಸಲಾಗ ರಸ್ತಾ ನೋಡ್ಕೋತ ಕುಂತ್ರು. ಈಗ ಹಿಡಿಕಿ ಬೇಕಂತ, ಹಿಡಿಕಿ! ನಿನ್ನ ಕತ್ತಿ ತುಂಗಭದ್ರಾಕ್ಕ ಒಗಿ ಹೋಗು!"

ಅವ ಒಳಗ ಬಂದು ಕೆಂಡದ ಹತ್ರ ಕುಂತ. ಕುಂಡಿ ಊರಾಕ ಜಾಗ ಮಾಡಿಕೊಳ್ಳಾಕ ಅಂತ ಅಲ್ಲಿದ್ದ ಕಬ್ಬಿಣದ ತಗಡು ಬಲಗೈಲೆ ಬಾಜೂಕ ಸರಿಸಿದ. ನನ್ನ ಮಾರಿ ನೋಡ್ಕೋತ ಅದರ ಮ್ಯಾಲ ಕೈ ಊರಿದ.

"ಬೈ," ಅಂದ. "ಇನ್ನೂ ಬೈ. ನಿನ್ನ ಬೈಗಳ ಕೇಳೇ ಒಂದೂವರಿ ತಿಂಗಳಾತು."

ನಾ ಬೈಬೇಕಂತ ಬಾಯಿ ತೆಗದೆ. ಅಷ್ಟರಾಗ ವಾಸನಿ ಬಂತು.

ಹುಟ್ಟಿದಾಗಿಂದ ಕೊಂಬು ಸುಡೋ ವಾಸನಿಯಾಗ ಬೆಳದಾಕಿ ನಾನು. ಎಮ್ಮಿದು ಬ್ಯಾರೆ, ಎತ್ತಿಂದು ಬ್ಯಾರೆ, ಕಣ್ಣು ಮುಚ್ಚಿ ಹೇಳ್ತೀನಿ. ಈ ವಾಸನಿ ಕೊಂಬಿಂದಲ್ಲ. ಕೆಳಗ ನೋಡಿದೆ. ಆ ತಗಡು ಆಗಿಂದಾಗ ನಾನ ಕೆಂಡದಿಂದ ತೆಗದಿಟ್ಟಿದ್ದೆ. ಅದರ ಮ್ಯಾಲ ಅವನ ಕಿರುಬೆರಳು, ಅದರ ಬಾಜೂ ಬೆರಳು.

ಚೀರಿ ಅವನ ಕೈ ಈ ಕಡೆ ಎಳದೆ. ಚರ್ಮ ಬೆಳ್ಳಗಾಗಿ ಎದ್ದಿತ್ತು.

ಅವ ನನ್ನ ಮಾರಿ ನೋಡಿದ. "ಏನಾತು?" ಅಂದ.

ಏನಾತು ಅಂತ ಕೇಳಿದ! ಬೆರಳು ಸುಟ್ಟಾವಗ ಸುಟ್ಟದ್ದು ಗೊತ್ತಿಲ್ಲ. ಎದ್ದು ಹೋಗಿ ಗೂಡಿನ್ಯಾಗಿನ ಐದೂ ಉಂಡಿ ತಂದು ನೆಲದ ಮ್ಯಾಲ ಸಾಲಾಗಿ ಇಟ್ಟೆ. ಮೊದಲನೇದ್ರಾಗ ಕಿರುಬೆರಳಿನ ಉಗುರು ಸುದ್ದಾ ಕಾಣತಿತ್ತು. ಎರಡನೇದ್ರಾಗ ಮಸಕು. ಮೂರನೇದ್ರಾಗ ಬೆರಳು ವಾರಿ. ನಾಕನೇದ್ರಾಗ ಸೊಟ್ಟ ಮಡಚಿಕೊಂಡಿತ್ತು. ಐದನೇದ್ರಾಗ ಕಿರುಬೆರಳು ಇರಲೇ ಇಲ್ಲ. ಉಳದ ಬೆರಳು ಅದರ ಪಾಲಿನ ಕೆಲಸಾನೂ ಮಾಡಾಕ ಹೋಗಿ ಆಳಕ್ಕ ಇಳದಿದ್ವು.

ಮಣ್ಣು ಐದು ಸಲ ಹೇಳಿತ್ತು. ನಾ ಪ್ರೀತಿ ಅಂತ ಓದಿದ್ದೆ.

"ನಾನೂ ಹಿಡಿಕಿದ ತಪ್ಪು ಅಂತ ತಿಳದಿದ್ದೆ ಶಂಶಾದ್," ಅಂದ ಅವ. "ಅಲ್ಲಾ ಸಾಕ್ಷಿ. ನಾಕು ಸಲಾನೂ ಖರೇನ ಹಿಡಿಕಿ ಸಲುವಾಗಿ ಬಂದೆ. ನಿನ್ನ ನೋಡೋದು ಅದರ ಕೂಡ ಸಿಕ್ಕ ಬಖಶೀಸು. ನಿಂಗ ಮಾತು ಕೊಟ್ಟು ಹೋದ ನಾಕ ದಿನಕ್ಕ ಅಮರಗುಂಡಪ್ಪನ ಕಿವಿ ಕೊಯ್ದೆ. ಎಂಟು ವರ್ಷದಾಗ ಒಬ್ಬರ ರಗತಾನೂ ತೆಗದಾವಲ್ಲ. ಅವ್ರು ದೊಡ್ಡ ಮನಸು ಮಾಡಿ ಸುಮ್ಮನಾದ್ರು. ನಾ ರಾಯಚೂರಿಗೆ ಹೋಗಿ ಡಾಕ್ಟರಿಗೆ ಕೈ ತೋರಿಸ್ದೆ. ಕಣ್ಣು ಮುಚ್ಚು ಅಂದ್ರು. ಕೋಳಿ ಪುಕ್ಕ ಮುಟ್ಟಸ್ತೀನಿ, ಮುಟ್ಟಿದಾಗ ಹೇಳು ಅಂದ್ರು. ನಾ ಕಾಯಕೋತ ಕುಂತೆ. ಇನ್ನೂ ಮುಟ್ಟಸ್ಲಿಲ್ಲೇನ್ರಿ ಸಾಹೇಬ್ರ ಅಂದೆ. ಆಗಲೇ ಹತ್ತು ಸಲ ಮುಟ್ಟಿಸ್ಯಾರ."

ಮೊಳಕೈ ತೋರಿಸ್ದ. ಪಾವಲಿ ನಾಣ್ಯದಷ್ಟು ಅಗಲ ಬಣ್ಣ ಮಾಸಿತ್ತು.

"ದೊಡ್ಡ ರೋಗ. ಕುಷ್ಠ" ಅಂದ.

ದಾದಿ "ಯಾ ಅಲ್ಲಾ" ಅಂತ ಬಾಯಿಗೆ ಸೆರಗು ಹಚ್ಚಿದಳು. ನಾ ಅವನ ಕೈ ಬಿಡಲಿಲ್ಲ. ಬಿಡಸ್ಕೊಳ್ಳಾಕ ನೋಡಿದ, ಬಿಡಲಿಲ್ಲ. ಸುಟ್ಟ ಬೆರಳಿಗೆ ಎಣ್ಣಿ ಹಚ್ಚಿ ಅರಿವಿ ಸುತ್ತಿದೆ.

"ಔಷಧ ಇಲ್ಲೇನು?"

"ಐತಂತ. ಗುಳಿಗಿ. ದೂರ ಒಂದು ದವಾಖಾನಿ ಐತಿ, ವರ್ಷಗಟ್ಟಲೆ ಅಲ್ಲೇ ಇರಬೇಕು. ರೋಗ ನಿಲ್ಲಬಹುದು, ಸತ್ತ ಬೆರಳು ತಿರುಗಿ ಬರಂಗಿಲ್ಲ ಅಂದ್ರು. ಈಗ ಮೂರು ಗಂಟೆ ಬಸ್ಸಿಗೆ ಹೊಂಟೀನಿ."

"ಮತ್ತ ಹಿಡಿಕಿ ಯಾತಕ್ಕ?" ಅಂದೆ.

"ಆ ದಿನದಿಂದ ಒಬ್ಬರ ಗದ್ದಾನೂ ಮುಟ್ಟಿಲ್ಲ. ಊರಾಗ ಇನ್ನು ಮುಟ್ಟಾಂಗೂ ಇಲ್ಲ. ಆದ್ರ ಅಲ್ಲಿ ಇರೋ ರೋಗಿಗಳಿಗೆ ಯಾವ ಹಜಾಮನೂ ಹೋಗಂಗಿಲ್ಲಂತ ಶಂಶಾದ್. ಗಡ್ಡ ಎದಿತನಕ ಬಿಟ್ಟುಕೊಂಡು ಕುಂತಿರ್ತಾರಂತ. ಅವ್ರಿಗೆ ನಾ ಮಾಡಬಹುದು. ಮೂರು ಬೆರಳಾಗ ನಿಲ್ಲೋ ಹಿಡಿಕಿ ಒಂದಿದ್ರ."

ನಾ ಅರ ಕೈಯಾಗ ತಗೊಂಡೆ.

ಗಳಗಳ ಅಳಬೇಕಾಗಿತ್ತು. ಅಳೋಕ ಪುರಸೊತ್ತಿರಲಿಲ್ಲ, ಬಸ್ಸಿಗೆ ಎರಡು ತಾಸು. ದಾದಿ ಕಡೆ ಕೈ ಚಾಚಿ, ನನ್ನ ಬಲಗೈ ಕಿರುಬೆರಳು, ಅದರ ಬಾಜೂ ಬೆರಳು ಎರಡೂ ಅಂಗೈಗೆ ಮಡಚಿ ಅರಿವೀಲೆ ಬಿಗದು ಕಟ್ಟು ಅಂದೆ. ಕಟ್ಟಿದಳು. ಉಳದ ಮೂರು ಬೆರಳಾಗ ಅವನ ಕತ್ತಿ ಹಿಡದೆ. ಹಿಂಗೇನು ಇವನ ಕೈ ಅಂತ ಅವಾಗ ಗೊತ್ತಾತು. ಕತ್ತಿ ಬಾಲ ದಿಕ್ಕಿಲ್ಲದಂಗ ಕುಣೀತಿತ್ತು.

ಲಗಾಮು ಹಿಡಿಯೋ ಬೆರಳು ಇಲ್ಲಂದ್ರ ಆ ಲಗಾಮು ಹಿಡಿಕೀನ ಹಿಡೀಬೇಕು. ಹಿಡಿಕಿ ತುದಿ ದಪ್ಪ ಬಿಟ್ಟೆ, ಅದರೊಳಗ ಒಂದು ಹಿತ್ತಾಳಿ ಚೂರು ಕೂಡಿಸ್ದೆ, ಭಾರ ಹಿಂದಕ್ಕ ಜಗ್ಗಿ ಕತ್ತಿ ತಾನ ನಿಲ್ಲಲಿ ಅಂತ. ಹೆಬ್ಬೆರಳು ಕೂಡೋ ಜಾಗ ಅಗಲ ಮಾಡಿ ಗೆರಿ ಕೊರದೆ. ನಡಬೆರಳು ತಬ್ಬಿಕೊಳ್ಳೋಹಂಗ ಕೆಳಗ ಬಾಗು ಕೊಟ್ಟೆ. ಅಂಚು ಮಾತ್ರ ಪೂರಾ ದುಂಡಗ. ಕಟ್ಟಿದ ಕೈಲೆ ಪಟ್ಟಾ ಹೊಡದು ನೋಡಿದೆ. ಮುಗ್ಗರಿಸ್ತು. ಇನ್ನೊಂದೀಟು ಉಜ್ಜಿದೆ. ಮತ್ತ ಹೊಡದೆ. ಆರನೇ ಸಲಕ್ಕ ಹೊಳ್ಳಿತು.

"ನಾನೂ ಬರ್ತೀನಿ" ಅಂದೆ ಉಜ್ಜಿಕೋತ.

"ಎಲ್ಲಿಗೆ?"

"ನಿನ್ನ ಕೂಡ. ಅಲ್ಲಿ ನಿಕಾಹ ಮಾಡಸಾಕ ಖಾಜಿ ಇರಂಗಿಲ್ಲೇನು?"

"ಹುಚ್ಚಿ." ನಕ್ಕ. ಕಣ್ಣು ತುಂಬಿದ್ವು. "ಬಂದ್ರ ಊರು ಯಾಕ ಅಂತ ಕೇಳತೈತಿ. ನಮ್ಮ ತಂಗಿ ಸಕೀನಾಗ ಮಾತು ನಡದಾವ. ಅಣ್ಣಗ ಈ ರೋಗ ಅಂತ ಗೊತ್ತಾದ್ರ ಅಕಿ ಜನ್ಮಪೂರ್ತಿ ಕುಂವಾರಿ. ನಾ ದುಡಿಯಾಕ ಗುಳೇ ಹೊಂಟೀನಿ ಅಂತ ಎಲ್ಲರಿಗೂ ಹೇಳೀನಿ. ನೀವಿಬ್ರು ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಆಣಿ ಹಾಕು."

"ಹಾಕಂಗಿಲ್ಲ."

"ಶಂಶಾದ್."

ಹಾಕಿದೆ. ಸಕೀನಾಬೀನ ನೋಡಿದಾಕಿ ಅಲ್ಲ ನಾನು. ಆದ್ರ ಹೆಣ್ಣು ಹುಡುಗಿ ಆಕಿನೂ.

"ಕರೀಂಸಾಬ್ ಒಳ್ಳೆ ಮನಿಷ್ಯಾ ಅಂತ ಕೇಳೀನಿ. ಖಾಜಿ ಕೇಳಿದಾಗ ಕಬೂಲ್ ಅನ್ನು" ಅಂದ.

"ಆಣಿ ಒಂದ ಹಾಕೀನಿ. ಇದು ನನ್ನ ಬಾಯಿಂದ ಬರಂಗಿಲ್ಲ."

ಹಿಡಿಕಿಗೆ ಮೊಳಿ ಬಡದು, ಎಣ್ಣಿ ಒರಸಿ, ಅವನ ಕೈಯಾಗ ಇಟ್ಟೆ. ಮೂರು ಬೆರಳು ಅದರ ಸುತ್ತ ಕುಂತ್ವು. ಪಟ್ಟಾ ಸಿಗಿಸಿದ. ಚಟ್, ಚಟ್, ಚಟ್. ಒಮ್ಮೆನೂ ತಡ ಆಗಲಿಲ್ಲ. ನಾಕು ತಿಂಗಳಾಗ ಮೊದಲನೇ ಸಲ ಅವ ನನ್ನ ಹಿಡಿಕಿಗೆ ಹೆಸರಿಡಲಿಲ್ಲ.

"ಸರಿ ಐತಿ" ಅಂದ ಅಷ್ಟ.

ಅರಿವಿ ಸುತ್ತಿದ ಕಿರುಬೆರಳು ಹಿಡದೆ. "ಗೊತ್ತಾಕತ್ತೇತೇನು?"

"ಇಲ್ಲ."

ನಡಬೆರಳು ಹಿಡದೆ. "ಈಗ?"

"ಹೂಂ. ಒಂದೀಟು."

ಹೆಬ್ಬೆರಳು ಹಿಡದೆ. ಅವ ಕಣ್ಣು ಮುಚ್ಚಿದ. "ಗೊತ್ತಾಕತ್ತೇತಿ ಶಂಶಾದ್. ಬಿಡಬ್ಯಾಡ."

ದಾದಿ ಗೋಡಿ ಕಡೆ ಮಾರಿ ಮಾಡಿ ಕುಂತಳು. ಬಸ್ಸಿನ ಹಾರ್ನ್ ಕೇಳೂತನಕ ಹಿಡಕೊಂಡಿದ್ದೆ. ಆಮ್ಯಾಲ ಅವ ಪಟ್ಟಾ ಸುತ್ತಿ ಬಗಲಾಗ ಇಟ್ಟುಕೊಂಡ, ಚಪ್ಪಲಿ ಹಾಕ್ಕೊಂಡು ಹೋದ. ಯಾವ ಊರ ದವಾಖಾನಿ ಅಂತ ಹೇಳಲಿಲ್ಲ. ಹೇಳಿದ್ರ ನಾ ಬರ್ತೀನಿ ಅಂತ ಅವಗ ಗೊತ್ತಿತ್ತು.

*

ನಿಕಾಹದ ದಿನ ನಾ ಒಂದ ಗಟ್ಟಿ ಮಾಡಿಕೊಂಡಿದ್ದೆ. ಬ್ಯಾಡ ಅಂದ್ರ ಯಾಕ ಅಂತಾರ. ಯಾಕ ಅನ್ನೋದಕ್ಕ ನನ್ನ ಹತ್ರ ಇರೋ ಜವಾಬು ಒಂದ. ಅದಕ್ಕ ಆಣಿ ಐತಿ. ಹಂಗಾರ ಬಾಯಿನ ತೆಗಿಯಂಗಿಲ್ಲ. ಹುಡುಗಿ ಕಬೂಲ್ ಅನ್ನಲಿಕ್ಕಂದ್ರ ನಿಕಾಹ ಹೆಂಗ ಆಗತೈತಿ? ಕಾಯ್ತಾರ, ಬೈತಾರ, ಎದ್ದು ಹೋಗ್ತಾರ. ಹೋಗಲಿ. ಮನಿಯಾಗ ಕೊಂಬು ಉಜ್ಜಿಕೋತ ಇರ್ತೀನಿ. ವರ್ಷಗಟ್ಟಲೆ ಅಂದಾನಲ್ಲ, ವರ್ಷ ಎಣಸ್ತೀನಿ.

ಹೆಂಗಸರ ನಡಕ ಕೆಂಪು ಓಢಣಿಯಾಗ ಕುಂತಿದ್ದೆ. ಹುಡುಗಿ ಒಪ್ಪಿಗಿ ಕೇಳಾಕ ವಕೀಲ್ ಆಗಿ ಬಂದ ಹಿರಿಯರು, ಇಬ್ಬರು ಸಾಕ್ಷಿಗಳು ಪರದಾದ ಆಚೆ ಬಂದು ನಿಂತ್ರು.

"ಹಸನ್‌ಸಾಬರ ಮಗಳು ಶಂಶಾದ್‌ಬೀ, ಸಿಂಧನೂರಿನ ಕರೀಂಸಾಬರ ಕೂಡ ನಿಕಾಹ ಕಬೂಲ್ ಐತೇನಮ್ಮ?"

ಹಲ್ಲು ಕಚ್ಚಿದೆ. ಓಢಣಿ ಒಳಗ ಬೆವರು ಇಳೀತು.

ಎರಡನೇ ಸಲ ಕೇಳಿದ್ರು. ಬಳಿ ಸಪ್ಪಳ ಸುದ್ದಾ ಮಾಡಲಿಲ್ಲ.

ಮೂರನೇ ಸಲ ಕೇಳಿದ್ರು. ನಾ ಗೆದ್ದೆ ಅನಿಸ್ತು. ಮೈಯಾಗ ಒಂಥರಾ ಹಗೂರ ಆತು. ಲಿಂಗಸುಗೂರಾಗ ಎಲ್ಲರಕ್ಕಿಂತ ಉದ್ದ ನಾಲಿಗಿಯಾಕಿ, ಅದನ್ನ ಹಿಡದು ನಿಲ್ಲಿಸಿದ್ದೆ.

ಆಗ ಬಾಜೂಕ ಕುಂತ ಸೋದರತ್ತಿ ನಕ್ಕಳು. "ಹುಡುಗಿ ನಾಚ್ಯಾಳ ವಕೀಲ್ ಸಾಬ್. ಸುಮ್ಮನದಾಳಂದ್ರ ಒಪ್ಯಾಳ ಅಂತನ ಅಲ್ಲೇನು?"

"ಬೇಶಕ್," ಅಂದ್ರು ಹಿರಿಯರು. "ಕುಂವಾರಿ ಹುಡುಗಿ ಸುಮ್ಮನಿರೋದ ಇಜಾಜತ್, ಅದ ಒಪ್ಪಿಗಿ. ಸಾಕ್ಷಿಗಳು ಕೇಳ್ರಿ, ಕಬೂಲ್ ಐತಿ."

"ಇಲ್ಲ!" ಅಂದೆ.

ಅಂದದ್ದು ಖರೇನ. ಆದ್ರ ಅಷ್ಟೊತ್ತಿಗೆ ಹೆಂಗಸರು ಮುಬಾರಕ್ ಮುಬಾರಕ್ ಅಂತ ಗದ್ದಲ ಎಬ್ಬಿಸಿದ್ರು, ವಕೀಲ್ ಹೊಸ್ತಿಲ ದಾಟಿದ್ರು. ಕೇಳಿಸ್ಕೊಂಡಾಕಿ ದಾದಿ ಒಬ್ಬಾಕಿನ. ಅಕಿ ನನ್ನ ಬಾಯಿ ಮ್ಯಾಲ ಕೈ ಇಟ್ಟಳು, ಇಟ್ಟ ಕೈ ತೆಗೀಲಿಲ್ಲ. ಹೊರಗ ಅಬ್ಬಾ ಎಲ್ಲರಿಗೂ ಖಜೂರ ಹಂಚಾಕತ್ತಿದ್ರು.